ಕ್ಯಾಲೆಂಡರಿನ ಹಿಂಬದಿಯ ಅಂಕಪಟ್ಟಿ

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಜೊತೆ ಫುಟ್‌ಬಾಲ್ ಬೂಟು ಮಂಚದ ಕೆಳಗೆ ಸೇರಿತು. ಸೇರಿದ್ದು ಮೂರು ದಿನವಾದರೂ ಹೊರಗೆ ಬರಲಿಲ್ಲ. ದಿನಾ ಸಂಜೆ ಐದಕ್ಕೆ ಅದನ್ನು ಹೆಗಲಿಗೆ ನೇತುಹಾಕಿಕೊಂಡು ಓಡುತ್ತಿದ್ದ ಅಕ್ಕನ ಮಗ, ಅದೇ ಹೊತ್ತಿಗೆ ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದ.

ನಮ್ಮದು ಬಳ್ಳಾರಿಯ ಕೌಲ್ ಬಜಾರ್. ಕೌಲು ಎಂದರೆ ಕರಾರು. ದಂಡು ಇದ್ದ ಕಾಲದಲ್ಲಿ ಬೆಳೆದ ಬಜಾರು ಇದು. ಈಗ ಸಿಪಾಯಿಗಳಿಲ್ಲ, ಜೀನ್ಸ್ ಇದೆ. ನಮ್ಮ ಓಣಿಯಲ್ಲಿ ಬೆಳಗಾದರೆ ಕೋಳಿಗಿಂತ ಮುಂಚೆ ಹೊಲಿಗೆ ಯಂತ್ರ ಕೂಗುತ್ತದೆ. ಅಕ್ಕ ಮನೆಯಲ್ಲೇ ಕೂತು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಾಳೆ, ಒಂದು ಪ್ಯಾಂಟಿಗೆ ಇಷ್ಟು ಎಂದು ಲೆಕ್ಕ. ಬೂಟು ಬಂದದ್ದೂ ಆ ದಾರದಿಂದಲೇ.

"ಇನ್ಮೇಲೆ ಗ್ರೌಂಡಿಗೆ ಹೋಗಲ್ಲ ಮಾಮ. ಸಂಜೆ ಕೆಲಸಕ್ಕೆ ಸೇರ್ಕೊಂತೀನಿ. ನಾಲ್ಕು ದುಡ್ಡಾದರೂ ಬರ್ತಾವೆ" ಅಂದ ಹುಡುಗ.

ಡಿಗ್ರಿ ಎರಡನೇ ವರ್ಷ. ಕಾಲೇಜು ತಂಡ ಆಡಿದ ನಾಲ್ಕು ಪಂದ್ಯಗಳಲ್ಲಿ ನಾಲ್ಕನ್ನೂ ಸೋತಿತ್ತು, ಕೊನೆಯದು ಐದು ಗೋಲಿನಿಂದ. ಸೋಲಿನ ಬೇಸರ ಇರಬಹುದು ಅಂದುಕೊಂಡೆ. ದುಡ್ಡಿನ ಮಾತು ಸುಳ್ಳೂ ಅಲ್ಲ. ಹಾಗಾಗಿ "ಬಿಡಬೇಡ" ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಮನೆಗೆ ದುಡ್ಡು ತರುತ್ತೇನೆ ಎನ್ನುವ ಹುಡುಗನಿಗೆ ಬೇಡ ಅನ್ನೋದು ಹೇಗೆ?

ನಿಜವಾದ ವಿಷಯ ಹೇಳಿದ್ದು ಅಕ್ಕ. "ದುಡ್ಡೂ ಇಲ್ಲ, ಗಿಡ್ಡೂ ಇಲ್ಲ ತಮ್ಮಾ. ಅವನನ್ನ ಬೆಂಚಿನ ಮೇಲೆ ಕೂಡಿಸ್ಯಾರಂತೆ. ಫಸ್ಟ್ ಇಯರ್ ಹುಡುಗನ್ನ ಅವನ ಜಾಗದಾಗೆ ಆಡಸ್ತಾರಂತೆ."

ಓಹೋ ಅಂದೆ.

ಆ ಮೇಲೆ ನೆನಪಾಯಿತು ನೋಡಿ ಆ ಕ್ಯಾಲೆಂಡರು. 2022-23ರಲ್ಲಿ ಬೆಂಗಳೂರು ಎಫ್‌ಸಿ ತಂಡದ ಪ್ರತಿಯೊಂದು ಪಂದ್ಯವನ್ನೂ ನಾವಿಬ್ಬರೂ ಟೀವಿಯ ಮುಂದೆ ಕೂತು ನೋಡಿದ್ದೆವು. ಹುಡುಗ ಆಗ ಪಿಯುಸಿ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು, ಯಾರ ಮೇಲೆ ಎಷ್ಟು ಗೋಲು ಎಂದು ಬರೆಯುತ್ತಿದ್ದ. ಅಕ್ಕ ಹಳೇ ಕ್ಯಾಲೆಂಡರ್ ಎಸೆಯುವವಳಲ್ಲ, ಅಡುಗೆಮನೆ ಕಪಾಟಿಗೆ ಹಾಸುತ್ತಾಳೆ. ತೊಗರಿಬೇಳೆ ಡಬ್ಬಿ ಎತ್ತಿ ನೋಡಿದೆ. ಇತ್ತು. ಒಂದು ಮೂಲೆಗೆ ಅರಿಶಿಣದ ಕಲೆ ಬಿಟ್ಟರೆ ಎಲ್ಲ ಓದಲು ಬರುತ್ತಿತ್ತು.

ಬೆಂಗಳೂರು ತಂಡದ ಮೇಲೆ ನಮಗೇಕೆ ಇಷ್ಟು ಪ್ರೀತಿ ಎಂದು ನೀವು ಕೇಳಬಹುದು. ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ. ಆದರೆ ಆ ತಂಡದ ಒಡೆಯರಾದ ಜೆಎಸ್‌ಡಬ್ಲ್ಯು ಕಂಪನಿಯ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ಪಕ್ಕದ ತೋರಣಗಲ್ಲಿನಲ್ಲಿ. ಅಲ್ಲೇ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಬೆಂಗಳೂರು ಎಫ್‌ಸಿಯ ಎಳೆಯ ಹುಡುಗರು ಉಳಿದುಕೊಂಡು ಆಟ ಕಲಿತದ್ದು ಅಲ್ಲಿ. ಹೊಸಪೇಟೆ ಬಸ್ಸಿನಲ್ಲಿ ಹೋಗುವಾಗ ನಮ್ಮ ಹುಡುಗ ಯಾವಾಗಲೂ ಆ ಕಡೆಯ ಕಿಟಕಿಯನ್ನೇ ಹಿಡಿಯುತ್ತಾನೆ. ಕಾಣುವುದು ಹೊಗೆ ಚಿಮಣಿ ಮಾತ್ರ, ಆ ಮಾತು ಬೇರೆ.

ರಾತ್ರಿ ಊಟವಾದ ಮೇಲೆ ಹಾಳೆಯನ್ನು ಅವನ ಪಕ್ಕದಲ್ಲಿ ಹರಡಿದೆ. "ನಿನ್ನದೇ ಅಕ್ಷರ. ಓದು."

ಇಂಡಿಯನ್ ಸೂಪರ್ ಲೀಗ್‌ನಲ್ಲಿ ಆ ವರ್ಷ 11 ತಂಡಗಳು. ಪ್ರತಿ ತಂಡಕ್ಕೂ 20 ಪಂದ್ಯ. ಗೆದ್ದರೆ 3 ಅಂಕ, ಸಮ ಆದರೆ 1. ಬೆಂಗಳೂರು ತಂಡ ಸೆಪ್ಟೆಂಬರ್ 18ರಂದು ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದೇ ಲೀಗ್‌ಗೆ ಬಂದಿತ್ತು. 1888ರಲ್ಲಿ ಶುರುವಾದ ಪಂದ್ಯಾವಳಿ ಅದು. ಹಾಗಾಗಿ ನಿರೀಕ್ಷೆ ದೊಡ್ಡದಿತ್ತು. ಮೊದಲ ಪಂದ್ಯ ಗೆದ್ದರು, ಎರಡನೆಯದು ಸಮ. ಅಲ್ಲಿಂದ ಜಾರಿದ್ದೇ ಜಾರಿದ್ದು. ಹೈದರಾಬಾದ್ ಸೋಲಿಸಿತು, ಒಡಿಶಾ ಸೋಲಿಸಿತು, ಈಸ್ಟ್ ಬೆಂಗಾಲ್ ಸೋಲಿಸಿತು. ಗೋವಾ ಮೇಲೆ ಒಮ್ಮೆ ಉಸಿರು ಬಿಟ್ಟರು ಅನ್ನುವಷ್ಟರಲ್ಲಿ ಮತ್ತೆ ಸೋಲು. ಮುಂಬೈ ಹತ್ತಿರ 0-4. ಅಲ್ಲಿ ಹುಡುಗನ ಪೆನ್ಸಿಲ್ಲು ಹಾಳೆಯನ್ನೇ ಹರಿದಿತ್ತು.

ಡಿಸೆಂಬರ್ 30. ಈಸ್ಟ್ ಬೆಂಗಾಲ್ ವಿರುದ್ಧ ಎರಡನೇ ಪಂದ್ಯ. 1-1 ಇತ್ತು, ಒಂದು ಅಂಕವಾದರೂ ಸಿಕ್ಕಿತು ಎಂದು ನಾನು ನೀರು ಕುಡಿಯಲು ಎದ್ದೆ. ಮೊದಲು ಬೆಂಗಳೂರಿಗೇ ಆಡುತ್ತಿದ್ದ ಕ್ಲೇಟನ್ ಸಿಲ್ವಾ ಕಟ್ಟಕಡೆಯಲ್ಲಿ ಫ್ರೀ ಕಿಕ್ ಹೊಡೆದು ಗೋಲು ಮಾಡಿಬಿಟ್ಟ. ಚೊಂಬು ಕೈಯಲ್ಲೇ ಉಳಿಯಿತು.

ಹುಡುಗ ಬೆರಳಿಟ್ಟು ಎಣಿಸಿದ. 12 ಪಂದ್ಯ. 3 ಗೆಲುವು, 1 ಸಮ, 8 ಸೋಲು. ಹೊಡೆದ ಗೋಲು 8, ಹೊಡೆಸಿಕೊಂಡದ್ದು 17. ಅಂಕ 10. ಅದರ ಕೆಳಗೆ ಅವನೇ ಅವತ್ತು ಬರೆದಿದ್ದ: "ಮುಗೀತು."

"ಎಂಟು ಸೋಲು" ಅಂದೆ. "ನಿಮ್ಮದು ನಾಲ್ಕೇ."

ಅವನು ನಗಲಿಲ್ಲ.

ಮುಂದಿನ ಹಾಳೆ 2023. ಜನವರಿ 6ರಂದು ಗುವಾಹಟಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಪಂದ್ಯ. ಆ ವರ್ಷ ಪಟ್ಟಿಯ ಅತ್ಯಂತ ಕೆಳಗಿದ್ದ ತಂಡ ಅದು. ಅವರ ಮೇಲೂ ಆಟ ಮುಗಿಯುವ ಹೊತ್ತಿಗೆ ಅಲನ್ ಕೋಸ್ಟಾ ಗೋಲು ಮಾಡಿದ್ದರಿಂದ 2-1ರ ಗೆಲುವು. ನೋಡಿದವರು ಯಾರೂ ಇದರಿಂದ ಏನೋ ಶುರುವಾಗುತ್ತದೆ ಎಂದು ಹೇಳುತ್ತಿರಲಿಲ್ಲ. ನಾನಂತೂ ಹೇಳಲಿಲ್ಲ. ಆಮೇಲೆ ಒಡಿಶಾ ಮೇಲೆ 3-1, ಜಮ್‌ಶೆಡ್‌ಪುರ ಮೇಲೆ 3-0, ಚೆನ್ನೈಯಿನ್ ಮೇಲೆ 3-1. ಕೋಲ್ಕತ್ತಾಕ್ಕೇ ಹೋಗಿ ಎಟಿಕೆ ಮೋಹನ್ ಬಾಗಾನ್ ಮೇಲೆ 2-1. ಕೇರಳ ಬ್ಲಾಸ್ಟರ್ಸ್ ಮೇಲೆ 1-0. ಫೆಬ್ರುವರಿ 15ಕ್ಕೆ ಕಂಠೀರವ ಕ್ರೀಡಾಂಗಣಕ್ಕೆ ಬಂದದ್ದು ಮುಂಬೈ ಸಿಟಿ. ಅಲ್ಲಿಯವರೆಗೆ ಆಡಿದ 18 ಪಂದ್ಯಗಳಲ್ಲಿ ಒಂದನ್ನೂ ಸೋಲದ ತಂಡ. ನಮಗೆ 0-4 ಕೊಟ್ಟವರು. ಅವರನ್ನು 2-1ರಿಂದ ಸೋಲಿಸಿದಾಗ ನಮ್ಮ ಓಣಿಯಲ್ಲಿ ಹೊಲಿಗೆ ಯಂತ್ರ ನಿಲ್ಲಿಸಿ ಒಬ್ಬರು ಬಾಗಿಲಿಗೆ ಬಂದು "ಏನಾಯ್ತು?" ಎಂದು ಕೇಳಿದರು, ನಾವು ಅಷ್ಟು ಕೂಗಿದ್ದೆವು. ಕೊನೆಗೆ ಗೋವಾ ಮೇಲೆ 3-1.

ಎಂಟು ಪಂದ್ಯ, ಎಂಟು ಗೆಲುವು. 19 ಗೋಲು ಹೊಡೆದು 6 ಕೊಟ್ಟರು. ಒಟ್ಟು 34 ಅಂಕ, ನಾಲ್ಕನೇ ಸ್ಥಾನ.

"ಏನು ಬದಲಾಯಿತು ಹಾಗಾದರೆ?" ಎಂದು ಕೇಳಿದೆ. ನನಗೆ ಗೊತ್ತಿತ್ತು. ಅವನ ಬಾಯಿಂದ ಬರಲಿ ಎಂದು ಕೇಳಿದೆ.

ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ಶಿವಶಕ್ತಿನ ಆಡಿಸಿದರು" ಅಂದ.

ಶಿವಶಕ್ತಿ ನಾರಾಯಣನ್ ತಮಿಳುನಾಡಿನ ಹುಡುಗ, ಆಗ 21 ವರ್ಷ. ಕಿರಿಯರ ತಂಡದಲ್ಲಿ ಆಡಿ ಮೇಲೆ ಬಂದವನು. ಡ್ಯುರಾಂಡ್ ಫೈನಲ್‌ನಲ್ಲಿ ಮೊದಲ ಗೋಲು ಅವನದೇ. ಮುಂದಾಳಾಗಿ ಫಿಜಿ ದೇಶದ ರಾಯ್ ಕೃಷ್ಣನ ಜೊತೆ ಅವನನ್ನು ನಿಲ್ಲಿಸಿದರು. ಆ ಲೀಗ್‌ನಲ್ಲಿ 6 ಗೋಲು ಹೊಡೆದ, ವರ್ಷದ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು. ಆದರೆ ಹನ್ನೊಂದು ಜನರಲ್ಲಿ ಹೊಸಬ ಒಳಗೆ ಬಂದರೆ ಒಬ್ಬ ಹೊರಗೆ ಕೂರಲೇಬೇಕಲ್ಲ. ಕೂತದ್ದು ಸುನಿಲ್ ಚೆಟ್ರಿ. 38 ವರ್ಷ, ಭಾರತ ತಂಡದ ನಾಯಕ, ದೇಶಕ್ಕಾಗಿ ಅತಿ ಹೆಚ್ಚು ಗೋಲು ಹೊಡೆದವರು. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ಬೆಂಗಳೂರು ತಂಡವೆಂದರೆ ಚೆಟ್ರಿ ಎಂದೇ ಲೆಕ್ಕ. ಅಂಥವರನ್ನು ಕೋಚ್ ಸೈಮನ್ ಗ್ರೇಸನ್ ಪಂದ್ಯದ ಮೇಲೆ ಪಂದ್ಯ ಬೆಂಚಿನ ಮೇಲೆ ಕೂರಿಸಿದರು. ಅರ್ಧ ಆಟ ಕಳೆದ ಮೇಲೆ ಇಳಿಸುತ್ತಿದ್ದರು. ನಾನು ಟೀವಿಯ ಮುಂದೆ ಕೂತು ಆ ಕೋಚ್‌ನನ್ನು ಬಾಯಿಗೆ ಬಂದಂತೆ ಬೈದದ್ದು ನಿಜ. ಹುಡುಗನೂ ನನ್ನ ಜೊತೆ ಬೈದಿದ್ದ.

ಅವನು ಹಾಳೆ ಮಡಚಲು ಹೋದ. "ಇನ್ನೂ ಮಾರ್ಚ್ ಐತೆ" ಅಂದೆ.

ಮಾರ್ಚ್ 3ರ ಕಥೆ ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ಪ್ಲೇ ಆಫ್ ಪಂದ್ಯ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ, 96ನೇ ನಿಮಿಷಕ್ಕೆ, ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಫ್ರೀ ಕಿಕ್ ಸಿಕ್ಕಾಗ ಎದುರಾಳಿಗಳು ಗೋಡೆಯಂತೆ ಸಾಲಾಗಿ ನಿಲ್ಲುವುದನ್ನು ನೋಡಿರುತ್ತೀರಿ. ಅದಕ್ಕೆ ಕಾಯಲೇಬೇಕೆಂದು ನಿಯಮವಿಲ್ಲ. ರೆಫರಿ ತಡೆಯದಿದ್ದರೆ ತಕ್ಷಣವೇ ಹೊಡೆಯಬಹುದು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ಮುಂದೆ ಬಂದು ನಿಂತಿದ್ದ. ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಒಳಗೆ ಹಾಕಿಯೇಬಿಟ್ಟರು. ರೆಫರಿ ಗೋಲು ಅಂದರು. ಕೇರಳದ ಕೋಚ್ ಸಿಟ್ಟಿಗೆದ್ದು ಇಡೀ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು, ಮತ್ತೆ ಬರಲಿಲ್ಲ. ಬೆಂಗಳೂರು ಗೆದ್ದಿತು. ಕೇರಳ ಕ್ಲಬ್ಬಿಗೆ ಆಮೇಲೆ 4 ಕೋಟಿ ರೂಪಾಯಿ ದಂಡ ಬಿತ್ತು. ಸರಿಯೋ ತಪ್ಪೋ ಎಂದು ಇಂದಿಗೂ ಜಗಳವಾಡುವವರಿದ್ದಾರೆ. ನನ್ನ ಮಟ್ಟಿಗೆ, ನಿಯಮದಲ್ಲಿ ತಪ್ಪಿಲ್ಲ. ಆದರೆ ಅಂಥ ಗೆಲುವಿನಲ್ಲಿ ಹೋಳಿಗೆ ತಿಂದಷ್ಟು ರುಚಿಯೂ ಇರಲಿಲ್ಲ. (ಆ ಗದ್ದಲದಲ್ಲಿ ಮರುದಿನದ ದೊಡ್ಡ ಸುದ್ದಿಯೇ ಸಣ್ಣದಾಯಿತು. ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಹಿಂದೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿತ್ತು!)

ಸೆಮಿಫೈನಲ್ ಮತ್ತೆ ಮುಂಬೈ ಜೊತೆ, ಎರಡು ಪಂದ್ಯ. ಮಾರ್ಚ್ 7ರಂದು ಮುಂಬೈಯಲ್ಲಿ ಬೆಂಚಿನಿಂದ ಎದ್ದುಬಂದ ಚೆಟ್ರಿ ತಲೆಯಿಂದ ಗೋಲು ಹೊಡೆದರು, 1-0. ಬೆಂಗಳೂರಿನಲ್ಲಿ 1-2. ಎರಡೂ ಸೇರಿಸಿದರೆ ಸಮ. ಪೆನಾಲ್ಟಿ ಶೂಟೌಟ್ ಒಬ್ಬರ ಮೇಲೊಬ್ಬರು, ಎಂಟು, ಒಂಬತ್ತು... ಕೊನೆಗೆ 9-8. ಕೊನೆಯದನ್ನು ಹೊಡೆದವರು ಗೋಲು ಹೊಡೆಯುವ ಮುಂದಾಳಲ್ಲ, ಗೋಲು ತಡೆಯುವ ಸಂದೇಶ್ ಜಿಂಗಾನ್. ಅಕ್ಕ ಕತ್ತರಿ ಕೆಳಗಿಟ್ಟು ನೋಡಿದ ಏಕೈಕ ಫುಟ್‌ಬಾಲ್ ಪಂದ್ಯ ಅದು.

ಮಾರ್ಚ್ 18. ಗೋವಾದ ಫತೋರ್ದಾದಲ್ಲಿ ಮೋಹನ್ ಬಾಗಾನ್ ಜೊತೆ ಫೈನಲ್. ಚೆಟ್ರಿ ಬೆಂಚಿನ ಮೇಲೆ. ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಶಿವಶಕ್ತಿ ಗಾಯಗೊಂಡು ಬಿದ್ದ. ಮೇಲೇಳಲು ಆಗಲಿಲ್ಲ. ಮೈ ಬೆಚ್ಚಗಾಗುವ ಮುಂಚೆಯೇ ಚೆಟ್ರಿ ಒಳಗೆ ಬರಬೇಕಾಯಿತು. ಮೊದಲರ್ಧ ಮುಗಿಯುವಾಗ ಪೆನಾಲ್ಟಿಯಲ್ಲಿ ಗೋಲು ಹೊಡೆದು ಸಮ ಮಾಡಿದವರು ಅವರೇ. 78ನೇ ನಿಮಿಷಕ್ಕೆ ರಾಯ್ ಕೃಷ್ಣ ಹೊಡೆದರು, ನಾವು 2-1 ಮುಂದೆ. 85ಕ್ಕೆ ಅವರಿಗೆ ಪೆನಾಲ್ಟಿ, 2-2. ಮತ್ತೆ ಶೂಟೌಟ್. ಈ ಸಲ ನಮ್ಮ ಎರಡು ಹೊಡೆತ ತಪ್ಪಿದವು. 4-3, ಕಪ್ಪು ಕೋಲ್ಕತ್ತಾಕ್ಕೆ.

"ಸೋತರಲ್ಲ ಮಾಮ, ಕೊನೆಗೆ" ಅಂದ ಹುಡುಗ.

"ಸೋತರು. ಮುಂದಿನ ವರ್ಷ 12ರಲ್ಲಿ ಹತ್ತನೇ ಸ್ಥಾನಕ್ಕೂ ಬಿದ್ದರು. ಕೋಚ್‌ಗೂ ಕೆಲಸ ಹೋಯಿತು. ನಾನೇನು ಮುಚ್ಚಿಡ್ತೀನಾ?"

ಸ್ವಲ್ಪ ಹೊತ್ತು ಹಾಳೆ ನೋಡುತ್ತ ಕೂತ. "ಶಿವಶಕ್ತಿಗೆ ಪೆಟ್ಟಾಗದೇ ಇದ್ದಿದ್ದರೆ ಚೆಟ್ರಿ ಅಲ್ಲೇ ಕೂತಿರ್ತಿದ್ರು."

"ಕೂತಿರ್ತಿದ್ರು."

"ಬೂಟು ಹಾಕ್ಕೊಂಡೇ."

"ಮತ್ತೆ? ಚಪ್ಪಲಿ ಹಾಕ್ಕೊಂಡು ಕೂರ್ತಾರೇನೋ?"

ಆಗ ನಕ್ಕ. ನಾನು ಇನ್ನೇನೂ ಹೇಳಲಿಲ್ಲ. ನನ್ನ ಕಾಲೇಜು ದಿನಗಳಲ್ಲಿ ಇಂಥದ್ದೇ ಒಂದು ಬೇಸರಕ್ಕೆ ತಂಡ ಬಿಟ್ಟು ಬಂದವನು ನಾನು. ಆಮೇಲೆ ಅವರು ಆಡಿದ ಒಂದು ಪಂದ್ಯವನ್ನೂ ನೋಡಲು ಹೋಗಲಿಲ್ಲ, ಗೆದ್ದರೋ ಸೋತರೋ ಕೇಳಲೂ ಇಲ್ಲ. ಅದನ್ನು ಅವನಿಗೆ ಹೇಳಬೇಕೆಂದುಕೊಂಡೆ. ಬಾಯಿಗೆ ಬರಲಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ದುಡ್ಡಿನ ವಿಷಯಕ್ಕೆ ಅಕ್ಕನೇ ದಾರಿ ಮಾಡಿದಳು. ಮೈದಾನದಿಂದ ಬಂದ ಮೇಲೆ ಎರಡು ಗಂಟೆ ಅವಳ ಜೊತೆ ಕೂತು ದಾರ ಕತ್ತರಿಸಬೇಕು, ಬಂದ ಹಣದಲ್ಲಿ ಅರ್ಧ ಮನೆಗೆ, ಅರ್ಧ ಅವನ ಬೂಟಿಗೆ. ಕೌಲ್ ಬಜಾರ್ ಅಲ್ಲವೇ, ಕರಾರು ಇಲ್ಲದೆ ಏನೂ ನಡೆಯುವುದಿಲ್ಲ.

ಹೋದ ಭಾನುವಾರ ಪಂದ್ಯವಿತ್ತು. ನಾನೂ ಹೋಗಿದ್ದೆ. ಬಿಸಿಲು ಹೇಗಿತ್ತೆಂದರೆ ಕೋಟೆಯ ಗುಡ್ಡದ ಬಂಡೆ ನೋಡಿದರೂ ಕಣ್ಣು ಉರಿಯುತ್ತಿತ್ತು. ಹುಡುಗ ಬೆಂಚಿನ ತುದಿಯಲ್ಲಿ ಕೂತಿದ್ದ, ಬೂಟಿನ ದಾರ ಬಿಗಿದುಕೊಂಡು. ಆ ಫಸ್ಟ್ ಇಯರ್ ಹುಡುಗ ಚೆನ್ನಾಗಿಯೇ ಆಡುತ್ತಾನೆ, ಒಪ್ಪಿಕೊಳ್ಳಬೇಕು. ಕೊನೆಯ ಹನ್ನೆರಡು ನಿಮಿಷಕ್ಕೆ ನಮ್ಮವನನ್ನು ಇಳಿಸಿದರು. ಒಂದು ಹೊಡೆತ ಕಂಬಕ್ಕೆ ಬಡಿದು ಹೊರಗೆ ಹೋಯಿತು. 0-1, ಮತ್ತೆ ಸೋಲು.

ವಾಪಸು ಬರುವಾಗ ಮೊದಲ ಗೇಟ್ ಹತ್ತಿರ ಒಗ್ಗರಣೆ-ಮಿರ್ಚಿ ತಿಂದೆವು. ಆ ಫಸ್ಟ್ ಇಯರ್ ಹುಡುಗನನ್ನೂ ಕರೆದುಕೊಂಡು ಬಂದಿದ್ದ. ಇಬ್ಬರೂ ಆ ಕಂಬದ ಬಗ್ಗೆಯೇ ಮಾತಾಡುತ್ತ ನನ್ನ ಪಾಲಿನ ಮಿರ್ಚಿಯನ್ನೂ ಮುಗಿಸಿದರು. ರಾತ್ರಿ ನೋಡಿದರೆ, ಈ ವರ್ಷದ ಕ್ಯಾಲೆಂಡರಿನಲ್ಲಿ ಕಳೆದುಹೋದ ತಿಂಗಳ ಹಾಳೆ ಇರಲಿಲ್ಲ.