ಏಮ್ಸ್ ರಾಯಚೂರಿಗೇ ಬರಬೇಕು

ವಿಮಾನ ನಿಲ್ದಾಣ, ದೊಡ್ಡ ಕಾಲೇಜುಗಳಿರುವ ಹುಬ್ಬಳ್ಳಿ–ಧಾರವಾಡಕ್ಕೇ ಏಮ್ಸ್ ಸಲ್ಲಬೇಕು, ರಾಯಚೂರಿಗೆ ನುರಿತ ವೈದ್ಯರು ಬರುವುದಿಲ್ಲ ಎಂಬ ವಾದವನ್ನು ಒಪ್ಪಲಾಗದು. ಅವಳಿ ನಗರಕ್ಕೆ ಆ ಅನುಕೂಲಗಳು ತಾವಾಗಿ ಬಂದವೇ? 1957ರಿಂದ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 2008ರಲ್ಲಿ ಹೈಕೋರ್ಟ್ ಪೀಠ ಸಿಕ್ಕಿತು. ರಾಯಚೂರು ಆಸೆಯಿಂದ ಕಾದಿದ್ದ ಐಐಟಿಯೂ 2016ರಲ್ಲಿ ಧಾರವಾಡದ ಪಾಲಾಯಿತು. ಕೊಟ್ಟಲ್ಲಿಗೇ ಕೊಡುತ್ತ ಹೋಗಿ, ಕೊಡದ ಊರನ್ನು ಹಿಂದುಳಿದದ್ದೆಂದು ಹಳಿಯುವುದು ಯಾವ ನ್ಯಾಯ?

ಪಂಜಾಬಿನ ಏಮ್ಸ್ ಲುಧಿಯಾನಕ್ಕೋ ಅಮೃತಸರಕ್ಕೋ ಹೋಗಲಿಲ್ಲ, ಬಠಿಂಡಾಕ್ಕೆ ಬಂತು. ವೈದ್ಯರು ಅಲ್ಲಿಗೂ ಹೋದರು. ಶಕ್ತಿನಗರದ ವಿದ್ಯುತ್ತು, ಹಟ್ಟಿಯ ಚಿನ್ನ, ಸಿಂಧನೂರಿನ ಭತ್ತ ನಾಡಿಗೆಲ್ಲ ಬೇಕು. ಇದೇ ಜಿಲ್ಲೆಯ ಗುರುಗುಂಟಾದ ಬಾಣಂತಿಗೆ, ಮಸ್ಕಿಯ ಹೃದ್ರೋಗಿಗೆ ಮಾತ್ರ ದೊಡ್ಡಾಸ್ಪತ್ರೆ ಜಿಲ್ಲೆಯ ಆಚೆಗೇ ಇರಬೇಕೇ? ಹೊಲ ಅಡವಿಟ್ಟು ಹೈದರಾಬಾದಿನ ಹಾದಿ ಹಿಡಿಯುವವರ ಸಂಕಟ ನಕ್ಷೆ ನೋಡಿ ಬರೆಯುವವರಿಗೆ ಕಾಣುವುದಿಲ್ಲ. ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ, ಅಂದರೆ ಹಿಂದುಳಿದ ಜಿಲ್ಲೆಗಳ, ಪಟ್ಟಿಯಲ್ಲಿ ರಾಜ್ಯದಿಂದ ರಾಯಚೂರು, ಯಾದಗಿರಿ ಎರಡೇ ಇವೆ.

ಧಾರವಾಡದ ಮೇಲೆ ನಮಗೆ ಹಗೆಯಿಲ್ಲ. 2022ರ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ಧರಣಿ ಕೂತ ರಾಯಚೂರಿನ ಜನರ ಬೆನ್ನಿಗೆ ಅಲ್ಲಿನ ಬರಹಗಾರರೂ ನಿಲ್ಲಲಿ.