ಒಂದೇ ಮನೆ, ಎರಡು ತಂಡ

ಪ್ರೊ ಕಬಡ್ಡಿ ಆರಂಭವಾಗುವ ಕಾಲಕ್ಕೆ ಆದೋನಿ ಸೀಮೆಯ ಕನ್ನಡ ಮನೆಗಳಲ್ಲಿ ಒಂದು ಹಳೆಯ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ: ಈ ಮನೆಯ ತಂಡ ಯಾವುದು? ಕನ್ನಡ ಶಾಲೆಗೆ ಹೋಗುವ ಮಗ ಬೆಂಗಳೂರು ಬುಲ್ಸ್ ಎನ್ನುತ್ತಾನೆ. ಹತ್ತಿ ಮಾರುಕಟ್ಟೆಯಲ್ಲಿ ದಿನವಿಡೀ ತೆಲುಗಿನಲ್ಲಿ ವ್ಯವಹರಿಸಿ ಬಂದ ತಂದೆ ತೆಲುಗು ಟೈಟನ್ಸ್ ಎನ್ನುತ್ತಾನೆ. ಅಜ್ಜನಿಗೆ ಎರಡೂ ಹೆಸರು ಬೇಕಿಲ್ಲ. ಆತನಿಗೆ ಅದು ಇಂದಿಗೂ ಚೆಡುಗುಡು, ಉಸಿರು ಬಿಡದೆ ಗೆರೆ ಮುಟ್ಟಿ ಬಂದವನೇ ಗಂಡು. ಅವ್ವ ಊಟಕ್ಕೆ ಕರೆಯುವ ತನಕ ವಾದ ಮುಗಿಯುವುದಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದ ಮೇಲೆ ಈ ಭಾಗದ ಕನ್ನಡಿಗರಿಗೆ ಎರಡು ಕಡೆಯ ಬಾಳು ರೂಢಿಯಾಯಿತು. ಹೆಣ್ಣು ಕೊಟ್ಟು ತರುವುದು ಸಿರುಗುಪ್ಪ, ಬಳ್ಳಾರಿಗಳ ಕಡೆಗೆ. ಕಚೇರಿಯ ಕೆಲಸಕ್ಕೆ ಓಡಾಡುವುದು ಕರ್ನೂಲಿನ ಕಡೆಗೆ. ಕಬಡ್ಡಿಯ ಅಭಿಮಾನವೂ ಹಾಗೆಯೇ ಎರಡು ಕವಲಾಗಿ ಹರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಭಿಮಾನಕ್ಕೆ ಕಾರಣ ಕೇಳುವುದೂ ಸಲ್ಲದು. ಆದರೆ ತಂಡದ ಬಲಾಬಲವನ್ನು ತೂಗುವುದು ಬೇರೆ ಕೆಲಸ. ಅದಕ್ಕೆ ಕಾರಣ ಬೇಕು, ಲೆಕ್ಕ ಬೇಕು. ಈ ಎರಡು ತಂಡಗಳ ಹನ್ನೆರಡು ಆವೃತ್ತಿಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಬುಲ್ಸ್ ಅಭಿಮಾನಿಗೂ ಟೈಟನ್ಸ್ ಅಭಿಮಾನಿಗೂ ಒಂದೇ ಪಾಠ ಸಿಗುತ್ತದೆ.

ಪ್ರೊ ಕಬಡ್ಡಿ ಲೀಗ್ ಆರಂಭವಾದದ್ದು 2014ರ ಜುಲೈನಲ್ಲಿ, ಎಂಟು ತಂಡಗಳೊಂದಿಗೆ. ಮರುವರ್ಷವೇ, ಎರಡನೆಯ ಆವೃತ್ತಿಯ ಸೆಮಿಫೈನಲ್‌ನಲ್ಲಿ ಬುಲ್ಸ್ ಮತ್ತು ಟೈಟನ್ಸ್ ಎದುರಾದವು. ಬುಲ್ಸ್ 39, ಟೈಟನ್ಸ್ 38. ಒಂದೇ ಒಂದು ಅಂಕ. ಅಂದು ಟೈಟನ್ಸ್ ಬಳಗದಲ್ಲಿದ್ದ ರಾಹುಲ್ ಚೌಧರಿ ಲೀಗಿನ ಅತ್ಯಂತ ಜನಪ್ರಿಯ ರೈಡರ್. ಬುಲ್ಸ್ ನಾಯಕ ಮಂಜೀತ್ ಛಿಲ್ಲರ್ ದಾಳಿಗೂ ಹೋಗುತ್ತಿದ್ದ, ಎದುರಾಳಿಯನ್ನು ಹಿಡಿದು ಕೆಡಹುವುದರಲ್ಲಿಯೂ ನಿಪುಣನಾಗಿದ್ದ ಆಲ್‌ರೌಂಡರ್. ಆ ಆವೃತ್ತಿಯ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ದೊರೆತದ್ದು ಛಿಲ್ಲರ್‌ಗೆ. ಫೈನಲ್‌ನಲ್ಲಿ ಬುಲ್ಸ್ ಯು ಮುಂಬಾಗೆ 36-30ರಿಂದ ಸೋತಿತು. ಇನ್ನೊಂದು ಮಾತನ್ನು ಈ ಸೀಮೆಯ ಅಭಿಮಾನಿಗಳು ನೆನಪಿಡಬೇಕು: ಆ ದಿನಗಳಲ್ಲಿ ಟೈಟನ್ಸ್ ಪರವಾಗಿ ದಾಳಿಗಿಳಿಯುತ್ತಿದ್ದವರಲ್ಲಿ ಕರಾವಳಿ ಕರ್ನಾಟಕದ ಸುಕೇಶ್ ಹೆಗ್ಡೆಯೂ ಒಬ್ಬರು. ಬೆಂಗಳೂರಿನ ತಂಡದಲ್ಲಿ ಹರಿಯಾಣದವರು, ತೆಲುಗು ತಂಡದಲ್ಲಿ ಕನ್ನಡಿಗ. ಹರಾಜಿನ ಲೀಗಿನಲ್ಲಿ ಅಂಗಿಯ ಬಣ್ಣ ಆಟಗಾರನ ಊರನ್ನು ಹೇಳುವುದಿಲ್ಲ.

ಬುಲ್ಸ್‌ನ ಕೀರ್ತಿಯ ದಿನ ಬಂದದ್ದು 2019ರ ಜನವರಿ 5ರಂದು. ಆರನೆಯ ಆವೃತ್ತಿಯ ಫೈನಲ್, ಎದುರಾಳಿ ಗುಜರಾತ್. ಮೊದಲಾರ್ಧ ಮುಗಿದಾಗ ಬುಲ್ಸ್ ಹಿಂದಿತ್ತು. ಉತ್ತರಾರ್ಧದಲ್ಲಿ ಪವನ್ ಸೆಹ್ರಾವತ್ ಬಿರುಗಾಳಿಯಂತೆ ಆಡಿ ಒಟ್ಟು 22 ಅಂಕ ತಂದುಕೊಟ್ಟರು. ತಂಡ 38-33ರಿಂದ ಗೆದ್ದಿತು. ಮರು ಆವೃತ್ತಿಯಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ ಪವನ್ 39 ರೈಡ್ ಅಂಕ ಗಳಿಸಿದರು. ಇಂಥ ಆಟವನ್ನು ಕಂಡ ಮಕ್ಕಳು ಶಾಲೆಯ ಅಂಗಳದಲ್ಲಿ ಪವನ್ ಆಗಲು ಬಯಸಿದ್ದು ಸಹಜ. ಅಲ್ಲಿಂದಲೇ ತಪ್ಪು ಲೆಕ್ಕವೂ ಶುರುವಾಯಿತು: ಒಬ್ಬ ಮಹಾ ರೈಡರ್ ಇದ್ದರೆ ತಂಡ ಗೆಲ್ಲುತ್ತದೆ ಎಂಬ ನಂಬಿಕೆ ಅಭಿಮಾನಿಗಳಲ್ಲಿ ಬೇರೂರಿತು.

ಆ ನಂಬಿಕೆಗೆ ದೊಡ್ಡ ಬೆಲೆ ತೆತ್ತದ್ದು ತೆಲುಗು ಟೈಟನ್ಸ್. ಎಂಟನೆಯ ಆವೃತ್ತಿಯಲ್ಲಿ ಆ ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಆಗ ಅದರ ನಾಯಕರಾಗಿದ್ದವರು ಹಿಂದೆ ಬುಲ್ಸ್‌ಗೆ ಪ್ರಶಸ್ತಿ ತಂದ ನಾಯಕ ರೋಹಿತ್ ಕುಮಾರ್. ಒಂಬತ್ತನೆಯ ಆವೃತ್ತಿಯಲ್ಲಿ ಎರಡು ಗೆಲುವು. ಆಗ ಟೈಟನ್ಸ್ ಹತ್ತನೆಯ ಆವೃತ್ತಿಯ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನು 2.605 ಕೋಟಿ ರೂಪಾಯಿಗೆ ಕೊಂಡಿತು. ಅದು ಅಲ್ಲಿಯವರೆಗಿನ ದಾಖಲೆ. ಇಡೀ ತಂಡವನ್ನು ಕಟ್ಟಲು ಒಂದೊಂದು ತಂಡಕ್ಕೂ ಇದ್ದ ಮಿತಿ 5 ಕೋಟಿ. ಅದರ ಅರ್ಧಕ್ಕಿಂತ ಹೆಚ್ಚು ಒಬ್ಬನ ಪಾಲಾಯಿತು. ಹರಾಜಿಗೆ ಕೆಲವೇ ದಿನಗಳ ಮುನ್ನ, 2023ರ ಅಕ್ಟೋಬರ್‌ನಲ್ಲಿ, ಪವನ್ ನಾಯಕತ್ವದ ಭಾರತ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ತಂಡವನ್ನು ಮಣಿಸಿ ಚಿನ್ನ ಗೆದ್ದಿತ್ತು. ಟೈಟನ್ಸ್ ಅಭಿಮಾನಿಗಳ ಆಸೆ ಮುಗಿಲು ಮುಟ್ಟಿತು. ಪವನ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ಆವೃತ್ತಿಯಲ್ಲಿ ಸುಮಾರು 200 ರೈಡ್ ಅಂಕ ಗಳಿಸಿದರು. ತಂಡದ ಗೆಲುವು ಮಾತ್ರ ಮತ್ತೆ ಎರಡೇ. ಸ್ಥಾನ ಮತ್ತೆ ಕೊನೆಯದೇ.

ಬುಲ್ಸ್ ಅಭಿಮಾನಿಗಳು ನಗುವ ಸರದಿ ಬಹುಕಾಲ ಉಳಿಯಲಿಲ್ಲ. ಹನ್ನೊಂದನೆಯ ಆವೃತ್ತಿಗೆ ಬುಲ್ಸ್ ಪರ್ದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ಮರಳಿ ಕರೆತಂದಿತು. ಲೀಗಿನ ಇತಿಹಾಸದಲ್ಲಿಯೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದವರು ಪರ್ದೀಪ್. 2017ರಲ್ಲಿ ಪಟ್ನಾ ಪೈರೇಟ್ಸ್ ಪರ ಒಂದೇ ದಾಳಿಯಲ್ಲಿ 8 ಅಂಕ ತಂದ ಸಾಧನೆಯೂ ಅವರದೇ. ಲೀಗಿನಲ್ಲಿ ಅವರ ಮೊದಲ ಹೆಜ್ಜೆ ಬುಲ್ಸ್‌ನಲ್ಲಿಯೇ ಬಿದ್ದಿದ್ದರಿಂದ ತವರಿಗೆ ಮರಳಿದ ಸಂಭ್ರಮವೂ ಇತ್ತು. ಫಲ ಮಾತ್ರ 22 ಪಂದ್ಯಗಳಲ್ಲಿ ಎರಡು ಗೆಲುವು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಟೈಟನ್ಸ್ ಒಂದು ವರ್ಷದ ಹಿಂದೆ ಬಿದ್ದ ಹಳ್ಳಕ್ಕೇ ಬುಲ್ಸ್ ಬಿದ್ದಿತ್ತು.

2025ರ ಹನ್ನೆರಡನೆಯ ಆವೃತ್ತಿ ಈ ಕಾರಣಕ್ಕಾಗಿಯೇ ನೆನಪಿಡತಕ್ಕದ್ದು. ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಆರಂಭವಾದ ಈ ಆವೃತ್ತಿಯಲ್ಲಿ ಟೈಟನ್ಸ್ ಬಳಿ ಪವನ್ ಇರಲಿಲ್ಲ, ಬುಲ್ಸ್ ಬಳಿ ಪರ್ದೀಪ್ ಇರಲಿಲ್ಲ. ಎರಡೂ ತಂಡಗಳು ಪ್ಲೇಆಫ್ ತಲುಪಿದವು. ಟೈಟನ್ಸ್ ತರಬೇತುದಾರ ಕೃಷ್ಣ ಕುಮಾರ್ ಹೂಡಾ, ನಾಯಕ ವಿಜಯ್ ಮಲಿಕ್, ಜೊತೆಗೆ ಭರತ್ ಹೂಡಾ. ಮಲಿಕ್ ಮತ್ತು ಭರತ್ ಇಬ್ಬರೂ ಆಲ್‌ರೌಂಡರ್‌ಗಳು. ಭರತ್ ಹೆಸರು ಮಾಡಿದ್ದು ಬುಲ್ಸ್ ಅಂಗಿಯಲ್ಲಿ ಎಂಬುದನ್ನು ಈ ಭಾಗದ ಮಕ್ಕಳಿಗೆ ಹೇಳಬೇಕಾಗಿಲ್ಲ. ಬುಲ್ಸ್ ಹೊಣೆ ಹೊತ್ತವರು ಕನ್ನಡಿಗ ಬಿ.ಸಿ. ರಮೇಶ್, ಏಳನೆಯ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, ಹತ್ತನೆಯದರಲ್ಲಿ ಪುಣೇರಿ ಪಲ್ಟನ್‌ಗೆ ಪ್ರಶಸ್ತಿ ಗೆಲ್ಲಿಸಿಕೊಟ್ಟ ಗುರು. ಅವರ ತಂಡದಲ್ಲಿ ಇರಾನಿನ ಅಲಿರೆಜಾ ಮಿರ್ಜಾಯಿಯನ್ ದಾಳಿಯ ಭಾರ ಹೊತ್ತರೆ, ಯೋಗೇಶ್ ಮತ್ತು ದೀಪಕ್ ಶಂಕರ್ ಹಿಂದೆ ನಿಂತು ಕೋಟೆ ಕಾಯ್ದರು.

ಅಕ್ಟೋಬರ್ ಕೊನೆಯ ವಾರ, ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ, ಹತ್ತು ವರ್ಷಗಳ ಹಿಂದಿನ ಆ ಒಂದು ಅಂಕದ ಸಾಲ ತೀರಿತು. ಪ್ಲೇಆಫ್‌ನಲ್ಲಿ ಎದುರಾದ ಬುಲ್ಸ್ ತಂಡವನ್ನು ಟೈಟನ್ಸ್ ಸೋಲಿಸಿತು. ಮುಂದೆ ಎರಡನೆಯ ಕ್ವಾಲಿಫೈಯರ್‌ನಲ್ಲಿ ಪುಣೇರಿ ಪಲ್ಟನ್ ಎದುರು 50-45ರಿಂದ ಎಡವಿತು. ಆ ಪಂದ್ಯದಲ್ಲಿ ಭರತ್ ಒಬ್ಬರೇ 20ಕ್ಕೂ ಹೆಚ್ಚು ಅಂಕ ಗಳಿಸಿದ್ದರು. ಆದರೆ 50 ಅಂಕ ಬಿಟ್ಟುಕೊಟ್ಟ ತಂಡವನ್ನು ಒಬ್ಬನ 20 ಅಂಕ ಕಾಪಾಡಲಾರದು. ಕೊನೆಗೆ ದಬಂಗ್ ಡೆಲ್ಲಿ ಫೈನಲ್‌ನಲ್ಲಿ ಪುಣೇರಿಯನ್ನು ಮಣಿಸಿ ಪ್ರಶಸ್ತಿ ಎತ್ತಿತು.

ಹಾಗಾದರೆ ಅಭಿಮಾನಿ ನೋಡಬೇಕಾದದ್ದು ಏನನ್ನು? ಮೊದಲನೆಯದಾಗಿ ಮೂಲೆಯಲ್ಲಿ ನಿಂತವರನ್ನು. ಏಳು ಮಂದಿಯ ಸಾಲಿನ ಎರಡು ತುದಿಗಳಲ್ಲಿ ಕಾರ್ನರ್ ಆಟಗಾರರು, ಅವರ ಒಳಬದಿಗೆ ಕವರ್ ಆಟಗಾರರು. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣದಲ್ಲಿ ಕಾರ್ನರ್ ನೆಲಕ್ಕೆ ಹಾರಿ ಕಣಕಾಲು ಹಿಡಿಯುತ್ತಾನೆ. ಅದೇ ಕ್ಷಣದಲ್ಲಿ ಕವರ್ ಬಂದು ಸೊಂಟಕ್ಕೆ ಅಡ್ಡ ಬೀಳದಿದ್ದರೆ ಆ ಹಿಡಿತ ಉಳಿಯುವುದಿಲ್ಲ. ಹಿಡಿದವರು ಮೂವರು ನಾಲ್ವರು. ಅಂಕಪಟ್ಟಿಯಲ್ಲಿ ಟ್ಯಾಕಲ್ ಬರೆಯಲ್ಪಡುವುದು ಮೊದಲು ಹಿಡಿದ ಒಬ್ಬನ ಹೆಸರಿಗೆ. ಉಳಿದವರ ದುಡಿಮೆ ಎಲ್ಲಿಯೂ ದಾಖಲಾಗುವುದಿಲ್ಲ.

ಎರಡನೆಯದಾಗಿ, ಒಂದು ಟ್ಯಾಕಲ್‌ನ ಬೆಲೆ ಒಂದು ಅಂಕದಲ್ಲಿ ಮುಗಿಯುವುದಿಲ್ಲ. ಸಿಕ್ಕಿಬಿದ್ದ ರೈಡರ್ ತನ್ನ ತಂಡ ಅಂಕ ಗಳಿಸಿ ತನ್ನನ್ನು ಬದುಕಿಸುವ ತನಕ ಹೊರಗೆ ಕೂರಬೇಕು. 40 ನಿಮಿಷಗಳ ಪಂದ್ಯದಲ್ಲಿ ಎದುರಾಳಿಯ ಮುಖ್ಯ ರೈಡರ್ 15 ನಿಮಿಷ ಬೆಂಚಿನ ಮೇಲಿದ್ದರೆ ಅವನು ಗಳಿಸದೆ ಉಳಿದ ಅಂಕಗಳ ಶ್ರೇಯ ಯಾರಿಗೆ? ಆ ಮೂಲೆಯವನಿಗೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್. ಒಂದು ಅಂಕ ಹೆಚ್ಚು. ಆಲೌಟ್ ಅಂಚಿನಲ್ಲಿರುವ ತಂಡ ಉಸಿರು ತೆಗೆದುಕೊಳ್ಳುವುದು ಇಲ್ಲಿಯೇ.

ಮೂರನೆಯದಾಗಿ, ಬರಿಗೈಯಲ್ಲಿ ಮರಳುವ ದಾಳಿಯೂ ಆಟದ ಭಾಗ. ಎರಡು ಖಾಲಿ ದಾಳಿಗಳ ನಂತರ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ರೈಡರ್ ಔಟ್. ಈ ಮಾಡು ಇಲ್ಲವೇ ಮಡಿ ದಾಳಿಗೆ ಸಾಮಾನ್ಯವಾಗಿ ತಂಡದ ಎರಡನೆಯ, ಮೂರನೆಯ ರೈಡರ್‌ನನ್ನೂ ಕಳಿಸಲಾಗುತ್ತದೆ. ಅವರ ಹೆಸರು ಭಿತ್ತಿಪತ್ರದಲ್ಲಿ ಇರುವುದಿಲ್ಲ. ತಂಡದ ನಿಜವಾದ ಆಳ ತಿಳಿಯುವುದು ಅವರಿಂದಲೇ.

ಈ ಮಾತು ಕಬಡ್ಡಿಗಷ್ಟೇ ಸಲ್ಲುವುದಿಲ್ಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಬೆಂಗಳೂರು, ಹೈದರಾಬಾದ್‌ಗಳ ತಂಡಗಳೂ ಅದರಲ್ಲಿದ್ದವು, ಗೆದ್ದದ್ದು ಚೆನ್ನೈ. ಅಲ್ಲಿಯೂ ಆಟ ಏಳೇಳು ಮಂದಿಯದು, ಅಲ್ಲಿಯೂ ಎದುರಾಳಿಯನ್ನು ಹಿಡಿದು ಕೆಡಹುವುದೇ ಅರ್ಧ ಆಟ. ಚೆಂಡು ಹಿಡಿದು ಓಡುವವನ ಹೆಸರನ್ನು ಪ್ರೇಕ್ಷಕರು ಕೂಗುತ್ತಾರೆ. ಅವನಿಗೆ ಚೆಂಡು ದೊರಕಿಸಿಕೊಡಲು ನೆಲಕ್ಕೆ ಬಿದ್ದವನನ್ನು ತಂಡದವರು ಮಾತ್ರ ಬಲ್ಲರು.

ಮನೆಯ ಹೆಣ್ಣುಮಕ್ಕಳನ್ನು ಈ ಚರ್ಚೆಯಿಂದ ಹೊರಗಿಡುವುದು ಸರಿಯಲ್ಲ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ಮಹಿಳೆಯರ ಕಬಡ್ಡಿ ಚಾಲೆಂಜ್ ನಡೆದಾಗ ಫೈನಲ್ ಪಂದ್ಯ ಹೈದರಾಬಾದಿನಲ್ಲಿತ್ತು. ಸ್ಟಾರ್ಮ್ ಕ್ವೀನ್ಸ್ ನಾಯಕಿ ತೇಜಸ್ವಿನಿ ಬಾಯಿ, ಫೈರ್ ಬರ್ಡ್ಸ್ ನಾಯಕಿ ಮಮತಾ ಪೂಜಾರಿ. ಇಬ್ಬರೂ ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪುರಸ್ಕೃತರು. ಫಲಿತಾಂಶ 24-23, ಮತ್ತೆ ಒಂದೇ ಅಂಕ, ಗೆಲುವು ತೇಜಸ್ವಿನಿಯವರ ಬಳಗದ್ದು. ಲೀಗಿನ ಮುಂದಿನ ಆವೃತ್ತಿಗಳಲ್ಲಿ ಆ ಪ್ರಯೋಗ ಮುಂದುವರಿಯಲಿಲ್ಲ. ಹೆಸರಾಂತ ಆಟಗಾರರನ್ನು ಎಣಿಸುವಾಗ ಈ ಎರಡು ಹೆಸರುಗಳನ್ನು ಬಿಡುವ ಅಭಿಮಾನಿಯ ಪಟ್ಟಿ ಅಪೂರ್ಣ.

ಮುಂದಿನ ಆವೃತ್ತಿ ಬರುವ ವೇಳೆಗೆ ಪಾಲಕರು ಮಕ್ಕಳ ಕೈಗೆ ಒಂದು ಹಳೆಯ ನೋಟ್‌ಬುಕ್ ಕೊಡಬಹುದು. ಒಂದು ಪುಟಕ್ಕೆ ಒಂದು ಪಂದ್ಯ. ರೈಡರ್‌ನ ಹೆಸರಿನ ಮುಂದೆ ಮೂರು ಗೆರೆ: ಅಂಕ ತಂದ ದಾಳಿ, ಖಾಲಿ ದಾಳಿ, ಸಿಕ್ಕಿಬಿದ್ದ ದಾಳಿ. ರಕ್ಷಣೆಯವರ ಮುಂದೆ ಎರಡು: ಫಲಿಸಿದ ಹಿಡಿತ, ತಪ್ಪಿದ ಹಿಡಿತ. ಕೊನೆಯಲ್ಲಿ ಶೇಕಡಾವಾರು ತೆಗೆಯಬೇಕು. 20 ಬಾರಿ ಹೋಗಿ 8 ಬಾರಿ ಅಂಕ ತಂದವನೂ, 10 ಬಾರಿ ಹೋಗಿ 6 ಬಾರಿ ತಂದವನೂ ಅಕ್ಕಪಕ್ಕ ನಿಂತಾಗ ಒಬ್ಬನದು ಶೇಕಡಾ 40, ಇನ್ನೊಬ್ಬನದು 60 ಎಂದು ಮಗುವೇ ಕಂಡುಕೊಳ್ಳುತ್ತದೆ. ಏಳನೆಯ ತರಗತಿಯ ಗಣಿತ ಇದಕ್ಕೆ ಸಾಕು. ತಂದೆಯ ಟೈಟನ್ಸ್ ಲೆಕ್ಕವನ್ನು ಮಗ ಬರೆಯಲಿ, ಮಗನ ಬುಲ್ಸ್ ಲೆಕ್ಕವನ್ನು ತಂದೆ ಬರೆಯಲಿ. ಆಗ ವಾದ ಕೂಗಾಟವಾಗುವುದಿಲ್ಲ.

ಆ ನೋಟ್‌ಬುಕ್ ತುಂಬುವ ಹೊತ್ತಿಗೆ ಶಾಲೆಯ ಅಂಗಳದಲ್ಲಿಯೂ ಒಂದು ಬದಲಾವಣೆ ಕಂಡೀತು. ಇಂದು ಆಟದ ಪಿರಿಯಡ್‌ನಲ್ಲಿ ಮೇಷ್ಟ್ರು ತಂಡ ಮಾಡುವಾಗ ಎಲ್ಲರೂ ದಾಳಿಗೆ ಕೈ ಎತ್ತುತ್ತಾರೆ. ಮೂಲೆಗೆ ಕಳಿಸಲ್ಪಟ್ಟ ಹುಡುಗ ತಾನು ಯಾವುದಕ್ಕೂ ಬೇಡವಾದವನೆಂದು ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಟೈಟನ್ಸ್‌ಗೆ 2.605 ಕೋಟಿ ಕೊಟ್ಟರೂ ಸಿಗದೆ ಹೋದದ್ದು ತನ್ನಂಥವನೇ ಎಂದು ಆ ಹುಡುಗನಿಗೆ ಯಾರಾದರೂ ಹೇಳಬೇಕು. ಹೇಳುವವರು ಬುಲ್ಸ್ ಕಡೆಯವರೋ ಟೈಟನ್ಸ್ ಕಡೆಯವರೋ ಎಂಬುದು ಮುಖ್ಯವಲ್ಲ.