ಹಿತ್ತಲ ಗಿಡ

ಕಾಲೇಜಿನ ವಾರ್ಷಿಕ ಪ್ರವಾಸವೆಂದರೆ ಮೈಸೂರು, ಇಲ್ಲವೆ ಊಟಿ. ಹೋದವರು ಸಂತೋಷಪಟ್ಟು ಬರುತ್ತಾರೆ. ಹೋಗದೆ ಉಳಿದವರ ಕಾರಣವನ್ನು ಯಾರೂ ಕೇಳುವುದಿಲ್ಲ. ತಾಯಿ ಕಟ್ಟಿದ ಬೀಡಿಯ ಮಜೂರಿಯಿಂದ ಶುಲ್ಕ ತೆರುವ ನನ್ನಂಥವರಿಗೆ ಮೈಸೂರು ಬಹು ದೂರದ ಊರು. ಆದರೆ ನನ್ನ ವಾದ ಹಣದ್ದು ಮಾತ್ರವಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಭರತೇಶ ವೈಭವದ ರತ್ನಾಕರವರ್ಣಿ ಮೂಡುಬಿದಿರೆಯವನೆಂದು ಬರೆದು ಅಂಕ ಗಳಿಸುತ್ತೇವೆ. ಆ ಊರಿನ ಬಸ್ಸು ಎಷ್ಟು ಗಂಟೆಗೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಒಮ್ಮೆ ನಿಂತು ನೋಡಬೇಕು. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳು ಮರ, ಅದರ ಮೇಲೆ ಇಳಿಜಾರು ಮಾಡು. ನಮ್ಮ ಆಟಿಯ ಮಳೆಯನ್ನು ಬಲ್ಲವರು ಕಟ್ಟಿದ್ದು! ದೇವಸ್ಥಾನಕ್ಕಿಂತ ಹೆಚ್ಚಾಗಿ ನಮ್ಮ ಕಡೆಯ ದೊಡ್ಡ ಮನೆಯೊಂದರ ನೆನಪು ಬರುತ್ತದೆ. ಮುಂದಿನ ಭೈರಾದೇವಿ ಮಂಟಪದ ತಳಗಟ್ಟಿನಲ್ಲಿ ಜಿರಾಫೆಯೊಂದನ್ನು ಕೆತ್ತಿದ್ದಾರೆ. ಕಡಲಾಚೆಯ ಪ್ರಾಣಿ ಇಲ್ಲಿಯ ಶಿಲ್ಪಿಯ ಉಳಿಗೆ ಹೇಗೆ ಸಿಕ್ಕಿತು? ನಮ್ಮ ಇತಿಹಾಸದ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ನಿಲ್ಲಿಸಿದ ಗೊಮ್ಮಟನಿದ್ದಾನೆ. ಬಂಟ್ವಾಳ ಪಂಜೆ ಮಂಗೇಶರಾಯರು ಹುಟ್ಟಿದ ಊರು; ನಾವು ಅದನ್ನು ಬಿ.ಸಿ. ರೋಡಿನಲ್ಲಿ ಬಸ್ಸು ಬದಲಾಯಿಸುವ ಜಾಗವೆಂದಷ್ಟೇ ಬಲ್ಲೆವು. ಕಾರಿಂಜದ ಬೆಟ್ಟದಲ್ಲಿ ಕೆಳಗೆ ಪಾರ್ವತಿ, ತುದಿಯಲ್ಲಿ ಈಶ್ವರ, ನಡುವೆ ಕೋತಿಗಳ ದರ್ಬಾರು.

ಬೆಳ್ತಂಗಡಿಯ ಗಡಾಯಿಕಲ್ಲಿನ ವಿಷಯ ಬೇರೆ. ಅದು ನಮ್ಮ ಅಂಗಳಕ್ಕೆ ಕಾಣುತ್ತದೆ. ೧೭೯೪ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿ ಜಮಾಲಾಬಾದ್ ಎಂದು ಕರೆದನೆಂದೂ, ೧೭೯೯ರಲ್ಲಿ ಅದು ಇಂಗ್ಲಿಷರ ಕೈಸೇರಿತೆಂದೂ ನಾನು ಓದಿದ್ದು ಪುಸ್ತಕದಲ್ಲಿ. ನನ್ನ ತಾಯಿಗೆ ಇದಾವುದೂ ತಿಳಿಯದು. ಕಲ್ಲಿನ ನೆತ್ತಿಗೆ ಮೋಡ ಮುಸುಕಿದರೆ ಒಣಹಾಕಿದ ಅಡಿಕೆಯನ್ನು ಒಳಗೆ ತರಬೇಕೆಂದು ಮಾತ್ರ ತಿಳಿದಿದೆ. ಬೆಂಗಳೂರಿನಿಂದ ಬಂದು ತುದಿಯಲ್ಲಿ ಫೋಟೋ ತೆಗೆಸಿಕೊಳ್ಳುವವರ ಪ್ರೀತಿಗಿಂತ ಇದು ಕಡಿಮೆಯದೆಂದು ನಾನು ಒಪ್ಪಲಾರೆ. ಆದರೆ ಅವರು ಆ ಮೆಟ್ಟಿಲನ್ನು ಒಮ್ಮೆಯೂ ಹತ್ತಿಲ್ಲವೆಂಬುದೂ ನಿಜವೇ. ಬೀಡಿಯ ಸೂಪು ತೊಡೆಯ ಮೇಲಿರುವವರಿಗೆ ಬೆಟ್ಟ ಹತ್ತಲು ಬಿಡುವೆಲ್ಲಿ?

ಆದುದರಿಂದ ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ವರ್ಷದ ಪ್ರವಾಸ ಈ ಮೂರು ತಾಲೂಕುಗಳಲ್ಲೇ ಆಗಲಿ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದು. ಬಸ್ಸಿನ ಚಾರ್ಜು ಎಲ್ಲರ ಕೈಗೂ ಎಟುಕೀತು. ಡಿಸೆಂಬರಿನಲ್ಲಿ ಇಟ್ಟುಕೊಂಡರೆ ಲೇಸು, ಮಳೆಗಾಲದಲ್ಲಿ ಗಡಾಯಿಕಲ್ಲಿನ ಮೆಟ್ಟಿಲು ಜಾರುತ್ತದೆ. ಬಸ್ಸಿನಲ್ಲಿ ಜಾಗ ಉಳಿದರೆ ತಾಯಂದಿರಿಗೂ ಒಂದೆರಡು ಸೀಟು ಕಾದಿರಿಸಿ.